ಹಾಡು ಬಂದಲ್ಲಿ ನಿಲ್ಲುವ ಕ್ಯಾಸೆಟ್ಟುಗಳು

ಮೈಕು ಕಂಡರೆ ಊದುವ ಚಟ ನನಗೆ. ಎರಡು ಬೆರಳಿನಿಂದ ತಟ್ಟಿ, ಫೂ ಎಂದು ಊದಿ, ಗಾಳಿಯ ಸದ್ದು ದೂರದ ಗೋಡೆ ಮುಟ್ಟಿತೆಂದು ಖಾತ್ರಿಯಾದ ಮೇಲೆಯೇ ನನ್ನ ಮಾತು ಶುರು. ನಿವೃತ್ತಿಯ ದಿನ ಶಾಲೆಯಲ್ಲಿ ಶಾಲು ಹೊದಿಸಿ ಎರಡು ಮಾತಾಡಿ ಎಂದು ಮೈಕು ಕೊಟ್ಟಾಗಲೂ ಊದಿದೆ. ಮಕ್ಕಳು ನಕ್ಕರು, ನಾನು ಗಂಭೀರವಾಗಿಯೇ ಇದ್ದೆ. ಈಗ ಮೊಬೈಲಿನಲ್ಲಿ ಮಾತು ಕಳಿಸುವಾಗಲೂ ಇದೇ ಕಥೆ. ನಿನ್ನ ಮೆಸೇಜಿನಲ್ಲಿ ಮೊದಲು ಬಿರುಗಾಳಿ ಬರುತ್ತದೆ, ಆಮೇಲೆ ನೀನು ಬರುತ್ತಿ ಎಂದು ಮಗಳು ಆಡಿಕೊಳ್ಳುತ್ತಾಳೆ. ಗಂಡ ಆಡಿಕೊಳ್ಳುವುದನ್ನು ಬಿಟ್ಟು ಬಹಳ ವರ್ಷಗಳಾದವು.

ಇದು ಹುಟ್ಟಿನಿಂದ ಬಂದದ್ದು, ಏನು ಮಾಡಲಿ? ನಮ್ಮಪ್ಪನದು ಭಾಲ್ಕಿಯಲ್ಲಿ ಮೈಕ್‌ಸೆಟ್ಟಿನ ಅಂಗಡಿ. ಒಂದು ಆಂಪ್ಲಿಫೈಯರು, ಅದಕ್ಕೆ ನಾವು ಮಷೀನು ಎನ್ನುತ್ತಿದ್ದೆವು. ಮರಕ್ಕೆ ಕಟ್ಟುವ ಅಗಲ ಬಾಯಿಯ ತಗಡಿನ ಸ್ಪೀಕರುಗಳು, ಅವು ಭೋಂಗಾ. ಒಂದು ಟೇಪ್‌ರಿಕಾರ್ಡರು. ಇಷ್ಟನ್ನು ಎತ್ತಿನ ಗಾಡಿಯಲ್ಲೋ ಬಸ್ಸಿನ ಮೇಲೋ ಹೇರಿಕೊಂಡು ಅಪ್ಪ ಬೀದರ, ಔರಾದ ಎಂದು ಊರೂರು ತಿರುಗುತ್ತಿದ್ದ. ರಜೆ ಇದ್ದರೆ ನಾನೂ ಬೆನ್ನು ಹತ್ತುತ್ತಿದ್ದೆ. ಮೈಕಿನ ಪರೀಕ್ಷೆಗೆ ಅಪ್ಪ ನನ್ನಿಂದ ಮಗ್ಗಿ ಹೇಳಿಸುತ್ತಿದ್ದ. ಹನ್ನೆರಡರ ತನಕ ಭೋಂಗಾ ಸರಾಗವಾಗಿ ಕೂಗುತ್ತಿತ್ತು. ಹದಿಮೂರು ಬಂದರೆ ನಡುವೆ ಎಲ್ಲೋ ಗಪ್ಪಾಗುತ್ತಿತ್ತು. ಕರೆಂಟು ಹೋಯಿತೆಂದು ಜನ ತಿಳಿದರೆ ನನ್ನ ಪುಣ್ಯ. ಮೈಕ್‌ಸೆಟ್ಟಿನವನ ಮಗಳಿಗೆ ಲೆಕ್ಕ ಬರುವುದಿಲ್ಲ ಎಂದು ಒಂದು ತಾಲೂಕಿಗೇ ಗೊತ್ತಾಗಿ ಹೋಗಿತ್ತು. ಮುಂದೆ ನಾನು ಗಣಿತದ ಟೀಚರೇ ಆದೆ, ಆ ಮಾತು ಬೇರೆ.

ಅಪ್ಪ ಎಲ್ಲರಿಗೂ ಬೇಕಾದವನು. ಲಗ್ನ, ಉರುಸು, ಜಯಂತಿ, ಭಜನೆ, ಚುನಾವಣೆ, ಎಲ್ಲದಕ್ಕೂ ಅದೇ ಭೋಂಗಾ. ಮುಂಜಾನೆ ಒಂದು ಪಕ್ಷದವರ ಭಾಷಣ ಕೂಗಿದ ತಗಡು ಸಂಜೆ ಇನ್ನೊಂದು ಪಕ್ಷದ್ದನ್ನು ಕೂಗುತ್ತಿತ್ತು. ನೀನು ಯಾರ ಕಡೆ ಎಂದು ಯಾರಾದರೂ ಕೇಳಿದರೆ, ನಾನು ಭೋಂಗಾದ ಹಿಂದಿನ ಕಡೆ ಎನ್ನುತ್ತಿದ್ದ. ಈ ಮಾತಿಗೆ ಜನ ನಗುತ್ತಿದ್ದರು. ನಾನು ಇದನ್ನು ಶಾಲೆಯಲ್ಲಿ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ, ನಮ್ಮಪ್ಪ ಎಂಥ ನಿರ್ಲಿಪ್ತ ಮನುಷ್ಯ ನೋಡಿರಿ ಎಂದು.

ಆದರೆ ಒಬ್ಬರ ವಿಷಯದಲ್ಲಿ ಮಾತ್ರ ಅವನ ನಿರ್ಲಿಪ್ತತೆ ನಡೆಯುತ್ತಿರಲಿಲ್ಲ. ಔರಾದ ತಾಲೂಕಿನ ಬುವಾ. ಭಜನೆ ಹಾಡುವ ಹಿರಿಯರನ್ನು ನಮ್ಮ ಕಡೆ ಬುವಾ ಎನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ಆ ಕಾಲದಲ್ಲಿ ಬುವಾ ಎಂದರೆ ಒಬ್ಬರೇ, ಹೆಸರು ಬೇಕಿರಲಿಲ್ಲ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡೇ ಹಾರ್ಮೋನಿಯಂ ಮುಂದೆ ಕೂರುತ್ತಿದ್ದ ಭಜನೆಯ ಗಾಯಕ. ಅವರ ಕ್ಯಾಸೆಟ್ಟು ಹಾಕದ ಚಹಾ ಹೋಟೆಲು ಇರಲಿಲ್ಲ. ಇಂದಿಗೂ ಹಳೆಯ ಹೋಟೆಲುಗಳಲ್ಲಿ ಅವರ ಫೋಟೋಕ್ಕೆ ಊದಿನಕಡ್ಡಿ ಬೆಳಗುತ್ತಾರೆ. ಬುವಾ ಕಾರ್ಯಕ್ರಮವೆಂದರೆ ಅಪ್ಪ ಹೊಸ ಅಂಗಿ ಹಾಕಿಕೊಂಡು ಹೋಗುತ್ತಿದ್ದ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಈಚೆಗೆ ಬುವಾ ಅವರ ಮಗಳು ಮಂಗಲಾ ಬೀದರದ ನೌಬಾದದಲ್ಲಿರುವ ನಮ್ಮ ಮನೆಗೆ ಬಂದಳು. ಔರಾದಿನಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ನನಗಿಂತ ಸ್ವಲ್ಪ ಚಿಕ್ಕವಳು. ಹಳೆಯ ಧ್ವನಿಗಳನ್ನು ಕೂಡಿಡುವ ಸಂಸ್ಥೆಯೊಂದು ಬುವಾ ಅವರ ಧ್ವನಿಯೂ ಬೇಕೆಂದು ಕೇಳಿದೆಯಂತೆ. ಹಾಡುಗಳು ಎಲ್ಲರ ಬಳಿ ಇವೆ, ಆದರೆ ಅವರಿಗೆ ಬೇಕಾದದ್ದು ಬುವಾ ಮಾಡಿದ ಚಳವಳಿಯ ಧ್ವನಿ. ಗಾಯರಾಣದ ಗಲಾಟೆಯ ದಿನಗಳಲ್ಲಿ ಎಲ್ಲ ಸಭೆಗಳಿಗೂ ನಿಮ್ಮಪ್ಪನದೇ ಮೈಕು ಇತ್ತು, ಏನಾದರೂ ಉಳಿದಿದೆಯಾ ಎಂದು ಕೇಳಿದಳು.

ನಾನು ಬೆಪ್ಪಾಗಿ ಕೂತೆ. ಯಾವ ಚಳವಳಿ? ಬುವಾ ಅಂದರೆ ಭಜನೆ, ಭಜನೆ ಅಂದರೆ ಬುವಾ. ನನಗೆ ಗೊತ್ತಿದ್ದದ್ದು ಅಷ್ಟೇ.

ಮಂಗಲಾ ನಕ್ಕಳು, ಎಲ್ಲರೂ ಹೀಗೇ ಹೇಳುತ್ತಾರೆಂದಳು. ಗಾಯರಾಣವೆಂದರೆ ಊರಿನ ದನ ಕುರಿ ಮೇಯಲು ಬಿಟ್ಟ ಸರಕಾರಿ ಜಾಗ. ಅದರ ಒಂದು ಮೂಲೆಯಲ್ಲಿ ಭೂಮಿ ಇಲ್ಲದ ಬೌದ್ಧ ಮನೆತನದವರು ಜೋಳ ಬಿತ್ತುತ್ತಿದ್ದರು, ಉಳಿದದ್ದರಲ್ಲಿ ಕುರಿಗಳು ಮೇಯುತ್ತಿದ್ದವು. ಊರಿನ ದೊಡ್ಡವರು ಅಷ್ಟನ್ನೂ ಬೇಲಿ ಹಾಕಿ ನುಂಗಲು ಹೊರಟಾಗ ಬುವಾ ಈ ಎರಡೂ ಕಡೆಯವರನ್ನು ಒಂದೇ ಜಮಖಾನೆಯ ಮೇಲೆ ಕೂಡಿಸಿದರಂತೆ. ಭಜನೆಯ ನೆಪದಲ್ಲಿ ಸಭೆ, ಸಭೆಯ ನಡುವೆ ಭಜನೆ. ಒಂದು ದಿನ ಎಲ್ಲರೂ ಗಾಯರಾಣದಲ್ಲಿ ಹೋಗಿ ಕೂರುವುದೆಂದು ಗುಟ್ಟಾಗಿ ಗೊತ್ತುಮಾಡಿದರು. ಹಿಂದಿನ ದಿನವೇ ಪೊಲೀಸರು ಬಂದು ಬುವಾ ಅವರನ್ನು ಮಲಗಿದ್ದ ಜಾಗದಿಂದ ಎತ್ತಿಕೊಂಡು ಹೋದರು. ಕೆಲವು ತಿಂಗಳ ಮೇಲೆ ಬಿಟ್ಟಾಗ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಉಳಿದ ಬೆರಳುಗಳಲ್ಲೇ ಹಾರ್ಮೋನಿಯಂ ನುಡಿಸುವುದನ್ನು ಬುವಾ ಮತ್ತೆ ಕಲಿತರು.

ಆ ಬೆರಳು ನನಗೆ ಚೆನ್ನಾಗಿ ನೆನಪಿದೆ. ಎರಡು ಬೆರಳು ಮೇಲೆತ್ತಿ ನುಡಿಸುವುದನ್ನು ನಾವು ಬುವಾ ಠೀವಿ ಎಂದೇ ತಿಳಿದಿದ್ದೆವು. ಅವರಂತೆ ಬೆರಳೆತ್ತಿ ನುಡಿಸುವ ಹುಡುಗರು ಊರೂರಲ್ಲಿ ಇದ್ದರು, ಈಗಲೂ ಇದ್ದಾರೆ. ನಾನೂ ಅಡಿಗೆಮನೆಯ ಮಣೆಯ ಮೇಲೆ ಹಾಗೆ ನುಡಿಸಿ ತೋರಿಸಿ ಮನೆಯವರನ್ನು ನಗಿಸಿದ್ದೇನೆ. ಮಂಗಲಾ ಹೇಳುವಾಗ ನನ್ನ ಕೈಯಲ್ಲಿದ್ದ ಚಹಾ ತಣ್ಣಗಾಯಿತು.

ಬುವಾ ಎಲ್ಲಿ ಮಲಗುತ್ತಾರೆಂದು ಯಾರು ಹೇಳಿಕೊಟ್ಟರು ಎಂಬುದು ಕೊನೆಗೂ ಗೊತ್ತಾಗಲಿಲ್ಲವಂತೆ. ಗೊತ್ತಾಗಲಿಲ್ಲ ಎಂದರೂ ಮಂಗಲಾಳ ತಾಯಿ ಒಬ್ಬರನ್ನು ಗಟ್ಟಿಯಾಗಿ ಹಿಡಿದಳು, ತನ್ನ ಸ್ವಂತ ಅಣ್ಣನನ್ನು. ಹಲಬರ್ಗಾದ ಮಾರುತಿ ಮಾಮಾ. ಅವರ ಜತೆ ಓದಿದ ಒಬ್ಬ ಪೊಲೀಸಿನವನಿದ್ದ, ಆ ವಾರ ಅವನೊಂದಿಗೆ ಮಾಮಾ ಹೋಟೆಲಿನಲ್ಲಿ ಚಹಾ ಕುಡಿದದ್ದನ್ನು ಯಾರೋ ನೋಡಿದ್ದರು. ಅಷ್ಟೇ ಸಾಕಾಯಿತು.

"ನಮ್ಮವ್ವ ಸಾಯೋತನಕ ತವರಮನಿ ಹೊಸ್ತಿಲ ತುಳೀಲಿಲ್ರಿ, ಅಕ್ಕ," ಎಂದಳು ಮಂಗಲಾ. "ಪೊಲೀಸರು ಹೊಡದದ್ದು ಮರ್ತಳು. ಅಣ್ಣ ಹೇಳಿಕೊಟ್ಟದ್ದು ಮರೀಲಿಲ್ಲ."

ನಾಗರ ಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ಮಾಮಾ ವರ್ಷವರ್ಷ ಬರುತ್ತಿದ್ದರಂತೆ, ಅಂಗಳದಿಂದಲೇ ವಾಪಸು. ಕೊನೆಗೆ ಆಕೆ ತೀರಿಕೊಂಡಾಗ ಹೆಣದ ಮೇಲೆ ಹೊದಿಸಲು ತವರಿನ ಸೀರೆ ತಂದರು. ನಮ್ಮ ಕಡೆ ಆ ಸೀರೆ ಬಾರದೆ ಹೆಣ ಎತ್ತುವುದಿಲ್ಲ. ಆದರೆ ಅಣ್ಣನ ಸೀರೆ ಬೇಡವೆಂದು ಆಕೆ ಮೊದಲೇ ಹೇಳಿಟ್ಟಿದ್ದಳು. ಸೀರೆಯನ್ನು ಬಾಗಿಲಿನಿಂದ ಹಿಂದೆ ಕಳಿಸಿದರು. ಕಳಿಸಿದವಳು ನಾನೇ ಎಂದಳು ಮಂಗಲಾ. ಮಾಮಾ ಈಗಲೂ ಹಲಬರ್ಗಾದಲ್ಲಿ ಇದ್ದಾರೆ, ಮಾತುಕತೆ ಇಲ್ಲ.

ಭಾಲ್ಕಿಯ ನಮ್ಮ ಮನೆಯಲ್ಲಿ ಅವ್ವ ನನ್ನ ತಮ್ಮನ ಸಂಸಾರದೊಂದಿಗೆ ಇದ್ದಾಳೆ. ಮೊಮ್ಮಕ್ಕಳ ಗದ್ದಲದಲ್ಲಿ ಅವಳಿಗೆ ಪುರುಸೊತ್ತೇ ಇಲ್ಲ. ನಾನು ಹೋಗಿ ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಅಪ್ಪ ಹೋದ ಮೇಲೆ ಯಾರೂ ತೆಗೆದಿರಲಿಲ್ಲ. ತುಂಬ ಕ್ಯಾಸೆಟ್ಟುಗಳು. ಅದನ್ನು ಬೀದರಕ್ಕೆ ತಂದು, ಹಳೆ ಊರಿನ ಒಬ್ಬ ರಿಪೇರಿಯವನನ್ನು ಕಾಡಿ ಬೇಡಿ ಒಂದು ಟೇಪ್‌ರಿಕಾರ್ಡರು ಸಂಪಾದಿಸಿದೆ. ಮುಂದಿನ ಭಾನುವಾರ ಮಂಗಲಾ ಬರುವವಳಿದ್ದಳು. ಅಷ್ಟರಲ್ಲಿ ಕೇಳಿ ಸರಿಯಾಗಿ ಜೋಡಿಸಿ ಇಡೋಣ, ಮೈಕ್‌ಸೆಟ್ಟಿನವನ ಮಗಳ ಅಚ್ಚುಕಟ್ಟು ನೋಡಲಿ ಎಂಬ ಹುರುಪು ನನಗೆ.

ಮೊದಲನೆಯ ಕ್ಯಾಸೆಟ್ಟಿಗೇ ದಂಗಾದೆ. ಭಜನೆಯಲ್ಲಿ ಬೆಣ್ಣೆಯಂತಿದ್ದ ಆ ಗಂಟಲು ಇದೇ ಏನು?

"ದೇವರ ಹೆಸರಿಲೆ ನಾ ಹಾಡ್ತೇನಿ, ಖರೆ. ದೇವರು ಗಾಯರಾಣ ಯಾರಿಗೂ ಪಟ್ಟಾ ಮಾಡಿಕೊಟ್ಟಿಲ್ಲ," ಎನ್ನುತ್ತಿದ್ದರು ಬುವಾ. "ಕುರಿ ತಿನ್ನೋದು ಹುಲ್ಲು, ಈ ಮಂದಿ ಉಣ್ಣೋದು ಜ್ವಾಳ. ಇಬ್ಬರಿಗೂ ಜಾಗಾ ಅದ. ಮೂರನೇದವಗ ಅಷ್ಟ ಇಲ್ಲ."

ಜನ ಹೋ ಎನ್ನುತ್ತಾರೆ. ನಾನೂ ಮಂಚದ ಮೇಲೆ ಕೂತಲ್ಲೇ ನೆಟ್ಟಗಾದೆ. ಬುವಾ ಊರಿನ ದೊಡ್ಡವರನ್ನು ಹೆಸರು ಹಿಡಿದು ಬೈಯುತ್ತಾರೆ. ತಹಶೀಲಿಗೆ ಹೋದರೆ ಏನು ಕೇಳಬೇಕು, ಲಾಠಿ ಎತ್ತಿದರೆ ಹೆಂಗಸರು ಎಲ್ಲಿ ನಿಲ್ಲಬೇಕು ಎಂದು ಹೇಳಿಕೊಡುತ್ತಾರೆ. ಈ ಸಭೆಗಳಲ್ಲಿ ಎಷ್ಟಕ್ಕೆ ನಾನೇ ಹೋಗಿದ್ದೆನೋ. ಭಾಷಣ ಶುರುವಾದರೆ ಭಜಿ ಅಂಗಡಿಯ ಕಡೆ ಓಡುತ್ತಿದ್ದೆ, ಹಾಡು ಕೇಳಿಸಿದರೆ ತಿರುಗಿ ಬರುತ್ತಿದ್ದೆ. ಒಂದು ಇಡೀ ಹೋರಾಟ ನನ್ನ ಕಣ್ಣೆದುರಿಗೇ ನಡೆದಿತ್ತು, ನನಗೆ ನೆನಪಿರುವುದು ಮೆಣಸಿನಕಾಯಿ ಭಜಿ.

ಒಂದು ವಿಚಿತ್ರ ಮಾತ್ರ ಕಿರಿಕಿರಿ ಮಾಡಿತು. ಯಾವ ಕ್ಯಾಸೆಟ್ಟಿನಲ್ಲೂ ಹಾಡಿಲ್ಲ. ಭಾಷಣ ಮುಗಿಯುತ್ತದೆ, ಹಾರ್ಮೋನಿಯಂ ಒಂದು ಉಸಿರು ಎಳೆದುಕೊಳ್ಳುತ್ತದೆ, ಖಟಕ್. ಮತ್ತೆ ಮುಂದಿನ ಭಾಷಣ. ಒಂದರ ಮೇಲೊಂದು ಹಾಕಿದೆ, ಎಲ್ಲದರಲ್ಲೂ ಹೀಗೇ. ಹಾಡಿಗಾಗಿ ಹೊಸ ಅಂಗಿ ಹಾಕಿಕೊಂಡು ಹೋಗುತ್ತಿದ್ದ ಮನುಷ್ಯ ಹಾಡು ಬಂದಾಗಲೆಲ್ಲ ಟೇಪು ನಿಲ್ಲಿಸುತ್ತಿದ್ದನೇ? ಅಪ್ಪನಿಗೆ ತಲೆ ಕೆಟ್ಟಿತ್ತೋ ಹೇಗೆ ಎಂದು ಗೊಣಗಿಕೊಂಡೆ.

ಟ್ರಂಕಿನ ತಳದಲ್ಲಿ ಒಂದು ಕ್ಯಾಸೆಟ್ಟು ಬಟ್ಟೆಯಲ್ಲಿ ಸುತ್ತಿತ್ತು. ಇದರಲ್ಲಿ ಎಲ್ಲವೂ ಪೂರ್ತಿ ಇತ್ತು, ಭಾಷಣ, ಹಾಡು, ಜನರ ಕೆಮ್ಮು. ಸಂತೋಷವಾಯಿತು. ಕೊನೆಗೆ ಸಭೆಯ ಸದ್ದು ನಿಂತು, ಮೈಕಿನ ತೀರ ಹತ್ತಿರ ಒಂದು ಧ್ವನಿ ಬಂತು. ನನಗೆ ಮಗ್ಗಿ ಹೇಳಿಸುತ್ತಿದ್ದ ಧ್ವನಿ.

"ಸಾಹೇಬ್ರ, ಮೈಕ್‌ಸೆಟ್ಟಿನಂವ ಮಾತಾಡ್ಲಾಕತ್ತೇನಿ. ಗುರುವಾರ ಗಾಯರಾಣದಾಗ ಕೂಡ್ತಾರಂತ್ರಿ. ಬುಧವಾರ ಬುವಾ ಮಲಗೋದು ಮನ್ಯಾಗ ಅಲ್ರಿ, ಊರ ಹೊರಗಿನ ಕುರಿ ಹಟ್ಟ್ಯಾಗ. ನನ್ನ ಹೆಸರು ಎಲ್ಲೂ ಬರಬಾರದ್ರಿ, ಸಾಹೇಬ್ರ."

ತಿರುಗಿಸಿ ಮತ್ತೆ ಹಾಕಿದೆ. ಅದೇ ಮಾತು, ಅದೇ ಅಪ್ಪ. ಗಂಡ ಏನಾಯಿತೆಂದು ಕೇಳಿದರೆ ಟೇಪು ಸಿಕ್ಕಿಹಾಕಿಕೊಂಡಿದೆ ಎಂದೆ. ಹೇಳಿದ ಮೇಲೆ ಹೊಳೆಯಿತು, ಟೇಪು ನಿಜವಾಗಿಯೂ ಸಿಕ್ಕಿಹಾಕಿಕೊಳ್ಳಬಹುದಲ್ಲ? ಇಷ್ಟು ಹಳೆಯದು, ಒಂದು ಎಳೆ ಹಿಡಿದು ಎಳೆದರೆ ಮುಗಿಯಿತು. ಮಂಗಲಾಳಿಗೆ ಭಾಷಣಗಳು ಸಿಗುತ್ತವೆ, ಅಪ್ಪನ ಹೆಸರು ಉಳಿಯುತ್ತದೆ. ಬೆರಳು ಎಳೆಯ ಹತ್ತಿರ ಹೋಗಿತ್ತು. ಅಂಗಳದಲ್ಲಿ ಸೀರೆ ಹಿಡಿದು ನಿಂತ, ನಾನು ನೋಡಿಯೇ ಇರದ ಆ ಮುದುಕರ ಕೈ ಅಡ್ಡ ಬಂತು. ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಭಾಲ್ಕಿಯ ಬಸ್ಸು ಹತ್ತಿದೆ.

ಅವ್ವ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕ್ಯಾಸೆಟ್ಟು ತೆಗೆದು ಮುಂದೆ ಇಟ್ಟೆ. ಬಟ್ಟೆ ನೋಡಿಯೇ ಅವಳಿಗೆ ತಿಳಿಯಿತು. ಅವಳ ಹಳೆಯ ಕುಬುಸದ ತುಂಡು ಅದು, ಸುತ್ತಿದವಳೂ ಅವಳೇ.

ಅವಳು ಅಳಲಿಲ್ಲ, ಮುಚ್ಚಿಡಲೂ ಇಲ್ಲ. ಮೈಕು ಹಚ್ಚಬೇಕಾದರೆ ಪ್ರತಿ ಸಲ ಠಾಣೆಗೆ ಹೋಗಿ ಪರವಾನಗಿ ತರಬೇಕಿತ್ತು. ಆಗಿನ ಒಬ್ಬ ಫೌಜದಾರ ಪರವಾನಗಿಯ ಜತೆ ಒಂದು ಖಾಲಿ ಕ್ಯಾಸೆಟ್ಟೂ ಕೊಟ್ಟ. ಬುವಾ ಆಡಿದ್ದೆಲ್ಲ ತುಂಬಿಸಿ ತಾ, ಇಲ್ಲದಿದ್ದರೆ ಅಂಗಡಿ ಮುಚ್ಚು ಎಂದ. ಅಪ್ಪ ತುಂಬಿಸಿಕೊಟ್ಟ. ತಾನು ಕೇಳಿಸಿಕೊಂಡದ್ದನ್ನೂ ಕೊನೆಗೆ ಸೇರಿಸಿದ. ಸಾಹೇಬ ಕೇಳಿ, ಇದರ ಮೇಲೇ ಮತ್ತೆ ತುಂಬಿಸು ಎಂದು ತಿರುಗಿ ಕೊಟ್ಟ. ಅಷ್ಟರಲ್ಲಿ ಬುವಾ ಒಳಗಿದ್ದರು. ಆ ಕ್ಯಾಸೆಟ್ಟಿನ ಮೇಲೆ ಬೇರೆ ತುಂಬಲು ಅಪ್ಪನ ಕೈ ಏಳಲಿಲ್ಲ.

ಬಿಡುಗಡೆಯಾದ ಬುವಾ ಸೀದಾ ಬಂದದ್ದು ಅಪ್ಪನ ಅಂಗಡಿಗೆ. ಮುಂದಿನ ವಾರ ಸಭೆ ಇದೆ, ಮೈಕು ಬೇಕು ಎಂದರಂತೆ. ಮಡಚದ ಬೆರಳುಗಳಲ್ಲಿ ಬಸಿ ಹಿಡಿದು ಚಹಾ ಕುಡಿದರಂತೆ. ಅವತ್ತಿನಿಂದ ಅಪ್ಪ ಹೊಸ ದಾರಿ ಹಿಡಿದ. ಸಭೆಯಲ್ಲಿ ಸಾದಾ ಬಟ್ಟೆಯ ಪೊಲೀಸಿನವನು ಟೇಪಿನ ಕೆಂಪು ದೀಪವನ್ನೇ ನೋಡುತ್ತ ಕೂತಿರುತ್ತಿದ್ದ, ಆದ್ದರಿಂದ ಟೇಪು ನಿಲ್ಲಿಸುವಂತಿರಲಿಲ್ಲ. ಅಪ್ಪ ಎರಡು ಕ್ಯಾಸೆಟ್ಟು ಇಟ್ಟುಕೊಂಡ. ಭಾಷಣಕ್ಕೆ ಒಂದು, ಅದು ಮನೆಗೆ. ಹಾಡು ಬರುತ್ತಲೇ ಕ್ಯಾಸೆಟ್ಟು ಬದಲು, ಅದು ಠಾಣೆಗೆ. ಮಾತು ಎಲ್ಲಿ ಎಂದು ಸಾಹೇಬ ಕೇಳಿದರೆ, ಹಾರ್ಮೋನಿಯಂ ಮೈಕಿನ ಹತ್ತಿರ ಇತ್ತು, ಟೇಪು ಅದನ್ನೇ ಹಿಡಿಯಿತು, ಮಾತು ಹಿಡಿಯಲಿಲ್ಲ ಎನ್ನುತ್ತಿದ್ದ. ವರ್ಗವಾಗಿ ಹೋಗುವ ಹೊತ್ತಿಗೆ ಸಾಹೇಬನಿಗೆ ಭಜನೆಯ ರುಚಿ ಹತ್ತಿ, ಮನೆಯವರಿಗೆಂದು ಇನ್ನಷ್ಟು ಹಾಡು ತುಂಬಿಸಿಕೊಂಡು ಹೋದನಂತೆ.

ನನಗೆ ನಗು ಬಂತು, ಬಂದದ್ದಕ್ಕೆ ನಾಚಿಕೆಯೂ ಆಯಿತು. ಬೇರೆ ಯಾವಾಗಲಾದರೂ ಕೇಳಿದ್ದರೆ ನಮ್ಮಪ್ಪ ಎಂಥ ಜಾಣ ಎಂದು ಊರೆಲ್ಲ ಹೇಳಿಕೊಂಡು ಬರುತ್ತಿದ್ದೆ. ಆದರೆ ಕೇಳಬೇಕಾದ ಮಾತು ಇನ್ನೊಂದಿತ್ತು. ಬುವಾ ಹೆಂಡತಿ ತನ್ನ ಅಣ್ಣನ ಮೇಲೆ ತಪ್ಪು ಹೊರಿಸಿದ್ದು ಅಪ್ಪನಿಗೆ ಗೊತ್ತಿತ್ತೇ?

ಅವ್ವ ಮೊರ ಕೆಳಗಿಟ್ಟಳು.

"ಗೊತ್ತಿತ್ತು. ಆಕಿ ಸತ್ತಾಗ ತವರಿನ ಸೀರಿ ಬಾಗಲದಿಂದ ತಿರುಗಿ ಹೋತಂತ ಕೇಳಿ ಎರಡು ದಿನ ಉಣ್ಲಿಲ್ಲ. ಉಣ್ಲಿಲ್ಲ, ಖರೆ. ಹೇಳ್ಲೂ ಇಲ್ಲ."

ಇಲ್ಲಿಯ ತನಕ ಅಪ್ಪನ ಪರವಾಗಿ ಒಳಗೊಳಗೇ ವಾದ ಹೂಡುತ್ತಿದ್ದೆ. ಅಂಜಿಕೆ, ಹೊಟ್ಟೆಪಾಡು, ಆಮೇಲೆ ತಿದ್ದಿಕೊಂಡ ಎಂದೆಲ್ಲ. ಈ ಮಾತಿನ ಮುಂದೆ ಯಾವುದೂ ನಿಲ್ಲಲಿಲ್ಲ. ಅಂಜಿ ಆಡಿದ್ದು ಒಂದು ದಿನದ ಮಾತು. ಸುಮ್ಮನಿದ್ದದ್ದು ಎಷ್ಟು ಪಂಚಮಿಗಳು? ಸಿಟ್ಟು ಅವ್ವನ ಮೇಲೆ ಹೊರಳಿತು. ನೀನಾದರೂ ಯಾಕೆ ಹೇಳಲಿಲ್ಲ ಎಂದು ಜೋರು ಮಾಡಿದೆ.

"ಹೇಳಿದ್ರ ನಿನ್ನ ಲಗ್ನ ಆಗ್ತಿತ್ತೇನು?" ಎಂದು ಅವ್ವ ಮತ್ತೆ ಮೊರ ಎತ್ತಿಕೊಂಡಳು.

ಭಾನುವಾರ ಮಂಗಲಾ ಬಂದಳು. ನಾನು ಪೀಠಿಕೆ ಹಾಕಲು ಹೋಗಿ, ಬಿಟ್ಟು, ಸುಮ್ಮನೆ ಗುಂಡಿ ಒತ್ತಿದೆ. ಅಪ್ಪನ ಧ್ವನಿ ಬಂದಾಗ ಅವಳು ನನ್ನ ಮುಖ ನೋಡಿದಳು, ಯಾರೆಂದು ಕೇಳಲಿಲ್ಲ. ಕೇಳಿದ್ದೆಲ್ಲ ಹೇಳಿದೆ, ಅವ್ವ ಹೇಳಿದ್ದನ್ನೂ ಬಿಡಲಿಲ್ಲ. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಬದಲಿಗೆ, ಸಂಸ್ಥೆಗೆ ಕೊಡುವಾಗ ಈ ಕೊನೆಯ ತುಂಡು ಕತ್ತರಿಸಬಹುದು ಎಂದಳು. ಕತ್ತರಿಸಬೇಡ, ಅಪ್ಪನ ಹೆಸರು ಹಾಕಿಯೇ ಇಡು, ಹಾಡು ಬಂದಲ್ಲಿ ನಿಲ್ಲುವ ಕ್ಯಾಸೆಟ್ಟುಗಳ ಮೇಲೂ ಅದೇ ಹೆಸರು ಇರಲಿ ಎಂದೆ. ಅವಳು ತಲೆಯಾಡಿಸಿ, ಹಲಬರ್ಗಾಕ್ಕೆ ನನ್ನ ಜತೆ ಬರುತ್ತೀರಾ, ಒಬ್ಬಳೇ ಹೋಗಲು ಧೈರ್ಯವಿಲ್ಲ ಎಂದಳು.

ಮಾರುತಿ ಮಾಮಾ ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದರು. ತುಂಬಿದ ಮನೆ. ಸೊಸೆ ನೀರು ತಂದಿಟ್ಟು ಮಂಗಲಾಳನ್ನು ಗುರುತಿಸಿ, ಏನು ಮಾಡಬೇಕೆಂದು ತಿಳಿಯದೆ ಒಳಗೆ ಹೋದಳು. ಇಂಥವರ ಮಗಳೆಂದು ಮಂಗಲಾ ನನ್ನ ಗುರುತು ಹೇಳಿದಳು. ಮಾಮಾ ಮೈಕ್‌ಸೆಟ್ಟಿನವರೇನು ಎಂದು ಸೌಮ್ಯವಾಗಿಯೇ ಕೇಳಿ, ಕೂಡಲು ಜಾಗ ತೋರಿಸಿದರು. ನನ್ನಲ್ಲಿ ಆಗಲೂ ಒಂದು ಜಂಬ ಉಳಿದಿತ್ತು, ಈಗ ಒಪ್ಪಿಕೊಳ್ಳುತ್ತೇನೆ. ಈ ಮನುಷ್ಯನಿಗೆ ಕಳೆದುಹೋದದ್ದನ್ನು ತಂದುಕೊಡುತ್ತಿದ್ದೇನೆ, ಇವರ ಮುಖ ಅರಳುವುದನ್ನು ನೋಡುತ್ತೇನೆ ಎಂದುಕೊಂಡಿದ್ದೆ.

ಟೇಪ್‌ರಿಕಾರ್ಡರನ್ನು ಹೊರಸಿನ ಮೇಲೆ ಇಟ್ಟು ಹಚ್ಚಿದೆ. ಅಪ್ಪನ ಮಾತು ಮೊದಲಿನಿಂದ ಕೊನೆಯ ತನಕ ಅಂಗಳದಲ್ಲಿ ಕೇಳಿಸಿತು. ಮಾಮಾ ಮುಖ ಅರಳಲೂ ಇಲ್ಲ, ಬಾಡಲೂ ಇಲ್ಲ. ಮುಗಿದ ಮೇಲೆ ಮಂಗಲಾ ಎದ್ದು ಅವರ ಕಾಲು ಮುಟ್ಟಲು ಬಾಗಿದಳು. ಮಾಮಾ ಮೆಲ್ಲಗೆ ಕಾಲು ಹಿಂದಕ್ಕೆ ಎಳೆದುಕೊಂಡರು.

"ನಾ ಹೇಳಿಕೊಟ್ಟಿಲ್ಲಂತ ನನಗ ಅವತ್ತೇ ಗೊತ್ತಿತ್ತವಾ," ಎಂದರು. "ಇದು ನನಗ ಯಾಕ ಕೇಳಸ್ಲಾಕತ್ತೀರಿ? ಕೇಳಬೇಕಾದಾಕಿ ಹೋಗಿಬಿಟ್ಳಲ್ಲ."